ಮನೆಯಂಗಳದ ಚಪ್ಪರವೋ, ಗೋಕರ್ಣದ ಬೀಚ್ ಮದುವೆಯೋ?

ಶಿರಸಿ ಕಡೆ ಹೊಸದಾಗಿ ಮದುವೆ ಅಲಂಕಾರದ ಕೆಲಸ ಶುರು ಮಾಡುವವರು ಮೊದಲು ಇದನ್ನು ತೀರ್ಮಾನಿಸಿ: ನಿಮ್ಮ ಹೆಸರು ಯಾರ ಬಾಯಲ್ಲಿ ಇರಬೇಕು?

ಮನೆಯಂಗಳದ ಮದುವೆಯಲ್ಲಿ ಪ್ರಚಾರವೆಲ್ಲ ಊಟದ ಪಂಕ್ತಿಯಲ್ಲೇ ಆಗುತ್ತದೆ. ಮಂಟಪಕ್ಕೆ ಕಟ್ಟಿದ ಸಿಂಗಾರ, ಅಂದರೆ ಅಡಿಕೆ ಮರದ ಹೂಗೊನೆ, ಚೆಂದ ಕಂಡರೆ, ಪಕ್ಕದೂರಿನ ಅತ್ತೆಯೊಬ್ಬರು ಕೈ ತೊಳೆಯುವಾಗಲೇ ನಿಮ್ಮ ನಂಬರ್ ಕೇಳುತ್ತಾರೆ. ಸಿಂಗಾರ, ಬಾಳೆ, ಮಾವಿನೆಲೆ ಹತ್ತಿರದ ತೋಟದಲ್ಲೇ ಸಿಗುವುದರಿಂದ ಬಂಡವಾಳ ಕಡಿಮೆ. ಕಷ್ಟ ಇರುವುದು ದುಡ್ಡು ಕೇಳುವಾಗ. "ನಮ್ಮವರೇ ಅಲ್ವಾ" ಎಂದು ಚೌಕಾಸಿ ಶುರುವಾಗುತ್ತದೆ. ಆಗ ದರ ಇಳಿಸಬೇಡಿ, ಕೆಲಸ ಇಳಿಸಿ. ತೋರಣ ಬೇಡ, ಮಂಟಪ ಮಾತ್ರ ಎನ್ನಿ. ಒಮ್ಮೆ ಇಳಿಸಿದ ದರ ಇಡೀ ಸೀಮೆಗೆ ಗೊತ್ತಾಗುತ್ತದೆ.

ಗೋಕರ್ಣದ ರೆಸಾರ್ಟ್ ಮದುವೆಗೆ ಬರುವ ಬೆಂಗಳೂರಿನ ಜೋಡಿ ಮೊದಲು ನೋಡುವುದು ಇನ್‌ಸ್ಟಾಗ್ರಾಂ. ಒಳ್ಳೆಯ ಫೋಟೊ, ಬರೆದುಕೊಟ್ಟ ಕರಾರು, ಅಡ್ವಾನ್ಸ್ ಮೂರೂ ಬೇಕು. ದುಡ್ಡು ಜಾಸ್ತಿ. ಆದರೆ ಘಟ್ಟ ಇಳಿಸುವ ಸಾಗಾಟ, ಕಡಲಗಾಳಿಗೆ ಹಾರುವ ಬಟ್ಟೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಎಲ್ಲ ಲೆಕ್ಕ ಹಾಕಬೇಕು.

ನನ್ನನ್ನು ಕೇಳಿದರೆ, ಮೊದಲ ವರ್ಷ ಅಂಗಳದ ಮದುವೆಯನ್ನೇ ಹಿಡಿಯಿರಿ. ಆಮೇಲೆ ರೆಸಾರ್ಟಿನವರಿಗೂ ಅದೇ ಸಿಂಗಾರದ ಮಂಟಪ ತೋರಿಸಿ. ಪ್ಲಾಸ್ಟಿಕ್ ಹೂವಿನ ಅಲಂಕಾರಕ್ಕೆ ಅವರು ಶಿರಸಿಯವರನ್ನು ಕರೆಯಬೇಕಾಗಿಲ್ಲ.