ಒಂದು ಓ, ಎರಡು ಓ: ‘ಲೂಜ಼್’ ಮತ್ತು ‘ಲೂಸ್’ ಬೇರ್ಪಡಿಸುವ ದಾರಿಗಳ ಹೋಲಿಕೆ

ಇಂಗ್ಲಿಷಿನಲ್ಲಿ ‘ಕಳೆದುಕೊಳ್ಳು’, ‘ಸೋಲು’ ಎಂಬ ಅರ್ಥಗಳುಳ್ಳ ಕ್ರಿಯಾಪದವನ್ನು ಎಲ್, ಓ, ಎಸ್, ಈ ಎಂದು ಬರೆಯಬೇಕು. ‘ಸಡಿಲ’ ಎಂಬ ಅರ್ಥದ ಪದಕ್ಕೆ ನಡುವೆ ಇನ್ನೊಂದು ಓ ಸೇರುತ್ತದೆ. ಚಿಕ್ಕಮಗಳೂರಿನಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವ ನನಗೆ, ಅವರ ಬರವಣಿಗೆಯಲ್ಲಿ ಇವೆರಡರಷ್ಟು ಪದೇ ಪದೇ ಅದಲುಬದಲಾಗುವ ಬೇರೆ ಜೋಡಿ ಕಂಡಿಲ್ಲ. ‘ಅವನು ಕೆಲಸ ಕಳೆದುಕೊಳ್ಳುತ್ತಾನೆ’ ಎಂದು ಬರೆಯಹೊರಟವರು ಒಂದು ಓ ಹೆಚ್ಚಿಗೆ ಬರೆದರೆ, ಕೆಲಸವನ್ನು ಕಟ್ಟು ಬಿಚ್ಚಿ ಬಿಡುತ್ತಾನೆ ಎಂಬ ಅರ್ಥವಿಲ್ಲದ ವಾಕ್ಯವಾಗುತ್ತದೆ. ಈ ಗೊಂದಲವನ್ನು ಬಿಡಿಸಲು ಬಳಕೆಯಲ್ಲಿರುವ ದಾರಿಗಳನ್ನು ತರಗತಿಯಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಿದ್ದೇನೆ. ಅವೆಲ್ಲ ಸಮನಾಗಿ ಫಲ ಕೊಡುವುದಿಲ್ಲ.

ಎಲ್ಲರೂ ಮೊದಲು ಹಿಡಿಯುವುದು ಮೊಬೈಲಿನ ಸ್ಪೆಲ್ಲಿಂಗ್ ತಪಾಸಣೆಯನ್ನು. ಎರಡೂ ಸರಿಯಾದ ಪದಗಳೇ ಆದ್ದರಿಂದ, ಸ್ಪೆಲ್ಲಿಂಗನ್ನು ಮಾತ್ರ ನೋಡುವ ತಂತ್ರಾಂಶ ಇಲ್ಲಿ ಕೆಂಪು ಗೆರೆ ಎಳೆಯುವುದೇ ಇಲ್ಲ. ಪರೀಕ್ಷಾ ಕೊಠಡಿಯಲ್ಲಂತೂ ಅದರ ಮಾತೇ ಇಲ್ಲ. ಇನ್ನೊಂದು, ‘ಕಳೆದುಕೊಳ್ಳುವ ಪದ ತನ್ನ ಒಂದು ಓ ಕಳೆದುಕೊಂಡಿದೆ’ ಎಂಬ ನೆನಪಿನ ಸೂತ್ರ. ಇದು ಚಿಕ್ಕದು, ಮಕ್ಕಳಿಗೆ ಇಷ್ಟವಾಗುತ್ತದೆ, ಮೂಲರೂಪದ ಮಟ್ಟಿಗೆ ನಿಲ್ಲುತ್ತದೆ. ಆದರೆ ಅದೇ ಕ್ರಿಯಾಪದ ‘ಲೂಜ಼ಿಂಗ್’, ‘ಲೂಜ಼ರ್’ ಆದ ಕೂಡಲೇ ಅನೇಕರ ಕೈ ಮತ್ತೆ ಎರಡು ಓ ಬರೆಯುತ್ತದೆ, ಏಕೆಂದರೆ ಅವರು ನೆನಪಿಟ್ಟುಕೊಂಡಿರುವುದು ಒಂದು ರೂಪವನ್ನೇ ಹೊರತು ಇಡೀ ಕುಟುಂಬವನ್ನಲ್ಲ.

ಉಚ್ಚಾರಣೆಯ ದಾರಿಯ ಮೇಲೆ ನನಗೆ ಹೆಚ್ಚಿನ ನಿರೀಕ್ಷೆ ಇತ್ತು. ಒಂದು ಓ ಇರುವ ಪದದ ಕೊನೆಯ ಧ್ವನಿ ಘೋಷ, ಎರಡು ಓ ಇರುವುದರದು ಅಘೋಷ; ಗಂಟಲ ಮೇಲೆ ಬೆರಳಿಟ್ಟು ಹೇಳಿದರೆ ‘ಲೂಜ಼್’ ಎನ್ನುವಾಗ ಕಂಪನ ತಿಳಿಯುತ್ತದೆ, ‘ಲೂಸ್’ ಎನ್ನುವಾಗ ತಿಳಿಯುವುದಿಲ್ಲ. ಕನ್ನಡದ ಕ-ಗ, ತ-ದ, ಪ-ಬ ಜೋಡಿಗಳಲ್ಲಿ ಇರುವುದೂ ಇದೇ ವ್ಯತ್ಯಾಸ. ಆದರೆ ನಮ್ಮ ವರ್ಣಮಾಲೆಯಲ್ಲಿ ಸಕಾರಕ್ಕೆ ಅಂಥ ಘೋಷ ಜೊತೆಗಾರನಿಲ್ಲ. ಹಾಗಾಗಿ ನಮ್ಮ ಕಿವಿ ಎರಡನ್ನೂ ಒಂದೇ ಎಂದು ಸ್ವೀಕರಿಸುತ್ತದೆ, ನಾವು ಎರಡನ್ನೂ ‘ಲೂಸ್’ ಎಂದೇ ಬರೆಯುತ್ತೇವೆ. ಅಭ್ಯಾಸದಿಂದ ಉಚ್ಚಾರಣೆ ಸುಧಾರಿಸುತ್ತದೆ, ನಿಜ. ಸ್ಪೆಲ್ಲಿಂಗ್ ಮಾತ್ರ ಅದರಿಂದ ಸಿದ್ಧಿಸುವುದಿಲ್ಲ. ‘ಆಯ್ಕೆ ಮಾಡು’ ಎಂಬ ಅರ್ಥದ ‘ಚೂಜ಼್’ ಪದದ ಕೊನೆಯಲ್ಲೂ ಘೋಷ ಧ್ವನಿಯೇ ಇದ್ದು, ಅದರಲ್ಲಿ ಓ ಎರಡಿವೆ. ಒಂದೇ ಓ ಇರುವ ‘ರೋಜ಼್’, ‘ನೋಜ಼್’ ಪದಗಳಲ್ಲಿ ಆ ಓ ಊಕಾರವಾಗದೆ ಓಕಾರವಾಗಿಯೇ ಉಳಿದಿದೆ. ಕಿವಿಯನ್ನು ನಂಬಿ ಬರೆಯುವ ಶ್ರದ್ಧೆಯ ವಿದ್ಯಾರ್ಥಿಯನ್ನೇ ಇದು ದಾರಿ ತಪ್ಪಿಸುತ್ತದೆ.

ವ್ಯುತ್ಪತ್ತಿಯ ದಾರಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಒಂದು ಓ ಇರುವ ಕ್ರಿಯಾಪದ ಹಳೆಯ ಇಂಗ್ಲಿಷಿನ ‘ಲೋಸಿಯನ್’ ಎಂಬುದರಿಂದ ಬಂದಿದೆ; ಅದಕ್ಕೆ ಆಗ ಇದ್ದ ಅರ್ಥ ‘ನಾಶವಾಗು, ಇಲ್ಲವಾಗು’. ಎರಡು ಓ ಇರುವುದು ಹಳೆಯ ನಾರ್ಸ್ ಭಾಷೆಯ ‘ಲೌಸ್’ ಪದದ ಮುಂದುವರಿಕೆ, ಅಂದರೆ ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಕೊಡುಗೆ. ಅದಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದ ದಾಯಾದಿ ಪದವೇ ಇಂದು ‘ಹೋಮ್‌ಲೆಸ್’, ‘ಕೇರ್‌ಲೆಸ್’ ಪದಗಳ ಕೊನೆಯ ‘ಲೆಸ್’ ಪ್ರತ್ಯಯವಾಗಿದೆ. ‘ಕಡಿಮೆ’ ಎಂಬ ಅರ್ಥದ ‘ಲೆಸ್’ ಬೇರೆಯದೇ ಪದ. ಇನ್ನೂ ಹಿಂದಕ್ಕೆ ಹೋದರೆ ಎರಡಕ್ಕೂ ‘ಸಡಿಲಿಸು, ಕತ್ತರಿಸಿ ಬೇರೆ ಮಾಡು’ ಎಂಬ ಅರ್ಥದ ಒಂದೇ ಇಂಡೋ-ಯುರೋಪಿಯನ್ ಮೂಲವನ್ನು ಭಾಷಾಶಾಸ್ತ್ರಜ್ಞರು ತೋರಿಸುತ್ತಾರೆ. ಸಂಸ್ಕೃತದಲ್ಲಿ ‘ಕತ್ತರಿಸು’ ಎಂಬ ಅರ್ಥದ ‘ಲೂ’ ಧಾತುವನ್ನೂ ಅವರು ಇದೇ ಮೂಲಕ್ಕೆ ಸೇರಿಸುತ್ತಾರೆ. ಕುಡುಗೋಲಿನ ಹೆಸರಾದ ‘ಲವಿತ್ರ’, ನಾವು ದಿನವೂ ಆಡುವ ‘ಲವಲೇಶ’ದ ‘ಲವ’ ಹುಟ್ಟಿದ್ದು ಆ ಧಾತುವಿನಿಂದ.

ಸಡಿಲವಾಗುವುದಕ್ಕೂ ಕಳೆದುಹೋಗುವುದಕ್ಕೂ ಇರುವ ನಂಟನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರು ಬಿಡದೆ ಸುರಿದ ವರ್ಷ ಕಾಫಿ ಕಾಯಿಯ ತೊಟ್ಟು ಮೊದಲು ಸಡಿಲವಾಗುತ್ತದೆ, ಆಮೇಲೆ ಗಿಡ ಕಾಯಿ ಕಳೆದುಕೊಳ್ಳುತ್ತದೆ. ಮೊದಲಿನದಕ್ಕೆ ಎರಡು ಓ, ಎರಡನೆಯದಕ್ಕೆ ಒಂದು ಓ ಎಂದಾಗ ತೋಟದ ಮನೆಗಳಿಂದ ಬಂದವರ ಮುಖ ಅರಳುವುದನ್ನು ನೋಡಿದ್ದೇನೆ. ಇಷ್ಟಾದರೂ ವ್ಯುತ್ಪತ್ತಿ ಅರ್ಥವನ್ನು ಬೆಳಗಿಸುತ್ತದೆಯೇ ಹೊರತು ಬರೆಯುವ ಗಳಿಗೆಯಲ್ಲಿ ಕೈ ಹಿಡಿಯುವುದಿಲ್ಲ. ಮೂಲ ಒಂದೇ ಎಂದು ತಿಳಿದ ಮೇಲೆ ಕೆಲವರಿಗೆ ಗೊಂದಲ ಹೆಚ್ಚಿದ್ದೂ ಉಂಟು. ಇಂಗ್ಲಿಷರೇ ಇವನ್ನು ಬಹುಕಾಲ ಬೆರೆಸಿ ಬರೆದರು: 16 ಮತ್ತು 17ನೇ ಶತಮಾನಗಳ ಮುದ್ರಣದಲ್ಲಿ ‘ಕಳೆದುಕೊಳ್ಳು’ ಎಂಬ ಅರ್ಥಕ್ಕೂ ಎರಡು ಓ ಬಳಸಿರುವುದು ಸಾಮಾನ್ಯ. ‘ಲೋಜ಼್’ ಎಂದಾಗಬೇಕಿದ್ದ ಉಚ್ಚಾರಣೆ ‘ಲೂಜ಼್’ ಆದದ್ದಕ್ಕೂ ಪಕ್ಕದ ಪದದ ಪ್ರಭಾವ ಕಾರಣವಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ.

ತರಗತಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಿಂತದ್ದು ನಾವಾಡುವ ಕನ್ನಡದಿಂದಲೇ ತೆಗೆದ ದಾರಿ. ನಟ್ಟು ಲೂಸಾಗಿದೆ, ಅಂಗಿ ಲೂಸಾಗಿದೆ, ಪ್ಯಾಕೆಟ್ ಬೇಡ ಲೂಸ್ ಕಾಫಿ ಪುಡಿ ಕೊಡಿ ಎಂದು ನಾವು ಆಡುವ ಕಡೆಗಳಲ್ಲೆಲ್ಲ ಇರುವುದು ಎರಡು ಓ ಇರುವ ಪದ. ‘ಕಳೆದುಕೊಳ್ಳು’ ಎಂಬ ಕ್ರಿಯಾಪದ ನಮ್ಮ ಮಾತಿಗೆ ಅಷ್ಟಾಗಿ ಬಂದಿಲ್ಲ. ಅದರ ಬದಲು ಅದರ ನಾಮಪದ ‘ಲಾಸ್’ ಬಂದಿದೆ. ಈ ವರ್ಷ ಮೆಣಸಿನಲ್ಲಿ ಲಾಸ್ ಆಯಿತು ಎನ್ನುತ್ತೇವೆ, ಮತ್ತು ಆ ‘ಲಾಸ್’ ಪದದಲ್ಲಿ ಓ ಒಂದೇ. ಆದ್ದರಿಂದ ಬರೆಯುವ ಮುನ್ನ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದು ಲಾಸ್ ಆಗುವ ಸಂಗತಿಯೋ, ಲೂಸ್ ಆಗುವ ಸಂಗತಿಯೋ? ಕೆಲವರು ‘ವೆಯ್ಟ್ ಲೂಸ್ ಮಾಡಬೇಕು’ ಎನ್ನುತ್ತಾರಾದರೂ, ಅಲ್ಲಿ ‘ವೆಯ್ಟ್ ಲಾಸ್’ ಎಂದರೂ ಸರಿಹೋಗುವುದರಿಂದ ಬೇಕಾದದ್ದು ಒಂದೇ ಓ. ಈ ಪ್ರಶ್ನೆ ಹಿಡಿದವರು ‘ಲೂಜ಼ಿಂಗ್’, ‘ಲೂಜ಼ರ್’ ರೂಪಗಳಲ್ಲೂ ಎಡವುವುದು ಕಡಿಮೆ, ಏಕೆಂದರೆ ಪ್ರಶ್ನೆ ಅರ್ಥವನ್ನು ಕುರಿತದ್ದು.

ಇದು ಮುಟ್ಟದ ಜಾಗಗಳೂ ಇವೆ. ಪಂದ್ಯ ಸೋಲುವುದನ್ನು ಕನ್ನಡದಲ್ಲಿ ಯಾರೂ ಲಾಸ್ ಎನ್ನುವುದಿಲ್ಲವಾದ್ದರಿಂದ ‘ಸೋಲಿಗೂ ಒಂದೇ ಓ’ ಎಂದು ಬೇರೆಯಾಗಿ ಹೇಳಿಕೊಡಬೇಕು. ಎರಡು ಓ ಇರುವ ಪದವೂ ಅಪರೂಪಕ್ಕೆ ಕ್ರಿಯಾಪದವಾಗುತ್ತದೆ. ಆಗ ಅದರ ಅರ್ಥ ಬಾಣ ಬಿಡು, ಕಟ್ಟಿದ ನಾಯಿಯನ್ನು ಬಿಚ್ಚಿಬಿಡು ಎಂಬಂತೆ ಪೂರ್ತಿ ಬಿಡುಗಡೆ. ಹಗ್ಗದ ಬಿಗಿಯನ್ನು ತುಸು ಕಡಿಮೆ ಮಾಡುವುದಕ್ಕೆ ಕೊನೆಯಲ್ಲಿ ಎನ್ ಅಕ್ಷರ ಸೇರಿಸಿದ ‘ಲೂಸನ್’ ಎಂಬ ಇನ್ನೊಂದು ಕ್ರಿಯಾಪದವಿದೆ, ಅದಕ್ಕೂ ಓ ಎರಡೇ.