ಕುದುರೆಯ ಎದೆಗೆ ಸರ್ಜಿಕಲ್ ಅಂಗಡಿಯ ಸ್ಟೆತಸ್ಕೋಪ್

ಮಂಗಳೂರಿನ ಹಂಪನಕಟ್ಟೆ ಕಡೆಯ ಸರ್ಜಿಕಲ್ ಅಂಗಡಿಯಲ್ಲಿ ಕೊಂಡ ಸಾದಾ ಸ್ಟೆತಸ್ಕೋಪ್ ಇದು. ಬೆಲೆ ಸಾವಿರ ರೂಪಾಯಿಯ ಒಳಗೆ. ಕೊಂಡದ್ದು ನಮ್ಮ ಮಾರ್ವಾಡಿ ತಳಿಯ ಹೆಣ್ಣು ಕುದುರೆ ಗೌರಿಗಾಗಿ. ಅವಳನ್ನು ದೂರದ ಸವಾರಿಗೆ ತಯಾರು ಮಾಡುತ್ತಿದ್ದೇನೆ. ಇಳಿತದ ಹೊತ್ತಿನಲ್ಲಿ ಕಾಪು ಕಡಲತೀರದ ಗಟ್ಟಿ ಒದ್ದೆ ಮರಳು, ಉಳಿದಂತೆ ಗದ್ದೆ ಬದಿಯ ಮಣ್ಣು ರಸ್ತೆ.

ಎಂಡ್ಯೂರೆನ್ಸ್, ಅಂದರೆ ದೂರದ ಸವಾರಿಯ ಸ್ಪರ್ಧೆಯಲ್ಲಿ ಬರೀ ಜೋರಾಗಿ ಓಡಿದರೆ ಸಾಲದು. ಪ್ರತಿ ಸುತ್ತು ಮುಗಿದ ಮೇಲೆ ಪಶುವೈದ್ಯರು ಪರೀಕ್ಷೆ ಮಾಡುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ, ಕೊಟ್ಟ ಸಮಯದೊಳಗೆ ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಇಲ್ಲದಿದ್ದರೆ ಕುದುರೆ ಹೊರಗೆ. ಅದಕ್ಕೇ ಮನೆಯಲ್ಲೂ ಸವಾರಿ ಮುಗಿದ ಕೂಡಲೇ ಒಮ್ಮೆ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸುತ್ತೇನೆ. ಬೇಗ ಇಳಿದರೆ ಮುಂದಿನ ವಾರ ದೂರ ಸ್ವಲ್ಪ ಜಾಸ್ತಿ. ಇಳಿಯದಿದ್ದರೆ ಕಡಿಮೆ.

ಎಡಗಡೆ ಮುಂಗಾಲಿನ ಮೊಣಕೈ ಹಿಂದೆ, ಜೀನಿನ ಪಟ್ಟಿ ಕಟ್ಟುವ ಜಾಗದಲ್ಲಿ ಒತ್ತಿ ಹಿಡಿಯಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯಿತು. ಕಂಬಳದ ಕೋಣ ಸಾಕುವ ಪಕ್ಕದ ಮನೆಯ ಅಣ್ಣ ಕಿವಿಗೆ ಹಾಕಿ ಕೇಳಿದರು. "ಎರಡೆರಡು ಸಲ ಬಡಿಯುತ್ತದಲ್ವಾ ಮಾರಾಯ್ರೆ?" ಅಂದರು. ಹೌದು, 'ಲಬ್-ಡಬ್' ಎರಡೂ ಸೇರಿ ಒಂದೇ ಬಡಿತ. ಬೇರೆಬೇರೆ ಎಣಿಸಿದರೆ ಲೆಕ್ಕ ಇಮ್ಮಡಿಯಾಗುತ್ತದೆ. ಸುಮ್ನೆ ನಿಂತ ಕುದುರೆಗೆ ಸಾಮಾನ್ಯವಾಗಿ 28ರಿಂದ 44 ಇರುತ್ತದೆ.

ನಮ್ಮ ಕರಾವಳಿಯಲ್ಲಿ ಇದರ ಅಗತ್ಯ ಜಾಸ್ತಿ. ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಹೊಟ್ಟೆಯಡಿಯಿಂದ ತೊಟ್ಟಿಕ್ಕುತ್ತಲೇ ಇರುತ್ತದೆ. ಬೆವರು ಆರದಿದ್ದರೆ ಮೈ ತಂಪಾಗದು. ಡಿಸೆಂಬರಿನಲ್ಲಿ ಸಲೀಸಾಗಿ ಮುಗಿಸಿದ ದೂರಕ್ಕೇ ಏಪ್ರಿಲ್‌ನಲ್ಲಿ ಗೌರಿಯ ಬಡಿತ ಇಳಿಯಲು ತುಂಬಾ ಹೊತ್ತು ಹಿಡಿಯುತ್ತದೆ. ಆಗ ಮೈಮೇಲೆ ನೀರು ಸುರಿಯುತ್ತಾ, ಮತ್ತೆ ಮತ್ತೆ ಎಣಿಸುತ್ತಾ ನಿಲ್ಲುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು ಹೊಟ್ಟೆಯ ಸದ್ದು. ಇದನ್ನೇ ಪಕ್ಕೆಯ ಹಿಂದೆ ಇಟ್ಟರೆ ಕರುಳಿನ ಗುಡುಗುಡು ಕೇಳುತ್ತದೆ. ದಣಿದು ನೀರಿನಂಶ ಕಡಿಮೆಯಾದ ಕುದುರೆಯಲ್ಲಿ ಆ ಸದ್ದು ಕುಗ್ಗುತ್ತದೆ. ಪೂರ್ತಿ ನಿಂತರೆ ತಡ ಮಾಡದೆ ವೈದ್ಯರನ್ನು ಕರೆಯಬೇಕು. ಪಟ್ಟಿಯಡಿ ಕಟ್ಟುವ ಎಲೆಕ್ಟ್ರಾನಿಕ್ ಮೀಟರ್ ಇದನ್ನು ಹೇಳುವುದಿಲ್ಲ. ಅದು ಓಡುವಾಗಲೇ ಬಡಿತ ತೋರಿಸುತ್ತದೆ, ಆ ಸೌಕರ್ಯ ಸ್ಟೆತಸ್ಕೋಪಿಗೆ ಇಲ್ಲ. ಆದರೆ ಬೆಲೆಯಲ್ಲಿ ಅಜಗಜಾಂತರ.

ಕೊರತೆಗಳೂ ಇವೆ. ಉಪ್ಪುಗಾಳಿಗೆ ಲೋಹದ ರಿಂಗ್ ಬೇಗ ತುಕ್ಕು ಹಿಡಿಯಿತು. ಈಗ ಪ್ರತಿಸಲ ಒರೆಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಇಡುತ್ತೇನೆ. ಟ್ಯೂಬ್ ಗಿಡ್ಡ. ಕುದುರೆ ಹೆಜ್ಜೆ ಬದಲಿಸಿದರೆ ಕಿವಿ ಎಳೆಯುತ್ತದೆ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಇದು ಕಾಲಿನ ಸುದ್ದಿ ಹೇಳುವುದಿಲ್ಲ. ಹೃದಯ, ಸ್ನಾಯು ಕೆಲವು ತಿಂಗಳಲ್ಲಿ ಗಟ್ಟಿಯಾಗುತ್ತವೆ. ಟೆಂಡನ್‌ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಮೂಳೆಗೆ ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಬೇಕು. ಬಡಿತ ಚೆನ್ನಾಗಿದೆ ಅಂತ ಒಣ ಮರಳಿನಲ್ಲಿ ಓಡಿಸಬೇಡಿ. ದಿನಾ ಸವಾರಿಗೆ ಮೊದಲು ಕಾಲು ಸವರಿ, ಬಿಸಿ ಅಥವಾ ಊತ ಇದೆಯಾ ನೋಡಿ.

ಕೊಳ್ಳುವವರು ಉದ್ದ ಟ್ಯೂಬಿನದ್ದನ್ನೇ ಕೇಳಿ ಪಡೆಯಿರಿ. ಜೊತೆಗೆ ಒಂದು ಹೆಚ್ಚುವರಿ ಡಯಾಫ್ರಮ್ (ಮೈಗೆ ಒತ್ತುವ ಬಿಲ್ಲೆಯ ತೆಳು ಪೊರೆ) ತೆಗೆದುಕೊಳ್ಳಿ.