ಬ್ಯಾಟರಿಗೆ ಯಾವ ಎಫ್‌ಪಿಜಿಎ? ಒಂದೇ ಕೆಲಸವನ್ನು ಮೂರು ಚಿಪ್‌ಗಳಲ್ಲಿ ಮಾಡಿಸಿ ನೋಡಿದೆ

ಎಫ್‌ಪಿಜಿಎ ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬೇಕಾದ ಹಾಗೆ ಕಟ್ಟಿಕೊಳ್ಳಬಹುದಾದ ಚಿಪ್. ಅದನ್ನು ಹಾಕಿದರೆ ಕರೆಂಟ್ ಉಳಿಯುತ್ತದೆ ಅನ್ನುವವರಿದ್ದಾರೆ. ಅದು ಕರೆಂಟ್ ಕುಡಿಯುವ ಚಿಪ್, ಬ್ಯಾಟರಿಗೆ ಆಗಿಬರೋದಿಲ್ಲ ಅನ್ನುವವರೂ ಇದ್ದಾರೆ. ಎರಡೂ ನಿಜ. ಯಾವ ಚಿಪ್, ಅದಕ್ಕೆ ಯಾವ ಕೆಲಸ ಕೊಡುತ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ಒಂದು ಕೆಲಸ ಇಟ್ಟುಕೊಂಡು ಮೂರು ಚಿಪ್‌ಗಳನ್ನು ಹೋಲಿಸಿದೆ. ಲ್ಯಾಟಿಸ್ ಕಂಪನಿಯ ಐಸ್40 ಅಲ್ಟ್ರಾಪ್ಲಸ್ ಯುಪಿ5ಕೆ, ಗೋವಿನ್ ಚಿಪ್ ಇರುವ ಟ್ಯಾಂಗ್ ನ್ಯಾನೋ 9ಕೆ, ಮತ್ತೆ ಆರ್ಟಿಕ್ಸ್-7 35ಟಿ ಇರುವ ಆರ್ಟಿ ಬೋರ್ಡ್. ಈ ಕೊನೆಯ ಚಿಪ್ ಜೈಲಿಂಕ್ಸ್‌ನದು. ಆ ಕಂಪನಿ 2022ರಿಂದ ಎಎಂಡಿ ಕೈಯಲ್ಲಿದೆ.

ಕೆಲಸ ಇಷ್ಟು: ಮಲೆನಾಡಿನ ಅಡಿಕೆ ತೋಟದ ಮೂಲೆಯಲ್ಲಿ ಒಂದು ಮೈಕ್ ಸದಾ ಕಿವಿಗೊಟ್ಟು ಕೂತಿರಬೇಕು. ಮಂಗಗಳ ಕೂಗು ಕೇಳಿದರೆ ರೇಡಿಯೋ ಆನ್ ಮಾಡಿ ಮನೆಗೆ ಸುದ್ದಿ ಮುಟ್ಟಿಸಬೇಕು. ಅಲ್ಲಿ ಕರೆಂಟ್ ಲೈನ್ ಇಲ್ಲ, ಇರೋದು ಒಂದು 18650 ಬ್ಯಾಟರಿ (ರೀಚಾರ್ಜ್ ಆಗುವ ಲಿಥಿಯಂ ಸೆಲ್). ಮಂಗನ ಕಾಟ ಗೊತ್ತಿರುವವರಿಗೆ ಇದು ಆಟದ ಪ್ರಾಜೆಕ್ಟ್ ಅಲ್ಲ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಮೈಕ್ ಪಿಡಿಎಂ ಬಗೆಯದು, ಅಂದರೆ ಸದ್ದನ್ನು 0, 1ರ ಬಿಟ್‌ಗಳ ಸಾಲಾಗಿ ಕೊಡುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಬಿಟ್‌ಗಳನ್ನು ಒಂದೇ ತಂತಿಯಲ್ಲಿ ಸುರಿಯುತ್ತದೆ. 64 ಬಿಟ್‌ಗೊಂದರಂತೆ ಜರಡಿ ಹಿಡಿದರೆ ಸೆಕೆಂಡಿಗೆ 15,625 ಸ್ಯಾಂಪಲ್ ಸಿಗುತ್ತವೆ. ಅವನ್ನು ಎಂಟು ಫಿಲ್ಟರ್‌ಗಳಲ್ಲಿ ಹಾಯಿಸಿ, ಯಾವ ಫ್ರೀಕ್ವೆನ್ಸಿ ಪಟ್ಟಿಯಲ್ಲಿ ಸದ್ದು ಜಾಸ್ತಿ ಅಂತ ನೋಡಬೇಕು. ಒಂದು ಫಿಲ್ಟರ್‌ಗೆ ಐದು ಗುಣಾಕಾರ. ಒಟ್ಟು ಲೆಕ್ಕ ಹಾಕಿದರೆ ಸೆಕೆಂಡಿಗೆ 6.25 ಲಕ್ಷ ಗುಣಾಕಾರ.

ಈ ಅಂಕಿ ನೆನಪಿಟ್ಟುಕೊಂಡು ಆರ್ಟಿಕ್ಸ್ ಕಡೆ ನೋಡಿ. ಅದರಲ್ಲಿ ಗುಣಾಕಾರಕ್ಕೆಂದೇ ಇರುವ 90 ಡಿಎಸ್‌ಪಿ ಬ್ಲಾಕ್‌ಗಳಿವೆ. 100 ಮೆಗಾಹರ್ಟ್ಜ್‌ನಲ್ಲಿ ಎಲ್ಲವೂ ಓಡಿದರೆ ಸೆಕೆಂಡಿಗೆ 900 ಕೋಟಿ ಗುಣಾಕಾರ ಆಗುತ್ತದೆ. ನಮ್ಮ ಕೆಲಸ ಅದಕ್ಕೆ ಏನೇನೂ ಅಲ್ಲ. ಇದು 28 ನ್ಯಾನೋಮೀಟರ್ ಚಿಪ್, ಈ ಬೋರ್ಡ್‌ನಲ್ಲಿ ಕೋರ್‌ನ (ಚಿಪ್‌ನ ಲೆಕ್ಕ ಮಾಡುವ ಒಳಭಾಗದ) ವೋಲ್ಟೇಜ್ 0.95. ಯುಪಿ5ಕೆ 40 ನ್ಯಾನೋಮೀಟರ್‌ನದು, ಕೋರ್ 1.2 ವೋಲ್ಟ್. ಬಿಟ್ ಬದಲಾದಾಗ ಖರ್ಚಾಗುವ ಶಕ್ತಿ ವೋಲ್ಟೇಜಿನ ವರ್ಗದಂತೆ ಏರುತ್ತದೆ. ಹಾಗಾಗಿ ಒಂದೊಂದೇ ಗುಣಾಕಾರದ ಲೆಕ್ಕದಲ್ಲಿ ಆರ್ಟಿಕ್ಸ್ ಅಗ್ಗ ಆಗಬೇಕು. ದಿನದ ಲೆಕ್ಕಕ್ಕೆ ಬಂದರೆ ಅದು ದುಬಾರಿ. ಯಾಕೆಂದರೆ ಏನೂ ಮಾಡದೆ ಸುಮ್ನೆ ಕೂತಿದ್ದಾಗಲೂ ಚಿಪ್ ಒಳಗೆ ಕರೆಂಟ್ ಸೋರುತ್ತಲೇ ಇರುತ್ತದೆ. ದೊಡ್ಡ ಚಿಪ್‌ನಲ್ಲಿ ಟ್ರಾನ್ಸಿಸ್ಟರ್ ಜಾಸ್ತಿ, ಸೋರಿಕೆಯೂ ಜಾಸ್ತಿ. ಆರ್ಟಿಕ್ಸ್‌ನಲ್ಲಿ ಅದು ಹತ್ತಾರು ಮಿಲಿವ್ಯಾಟ್. ಚಿಪ್ ಬಿಸಿಯಾದಷ್ಟೂ ಏರುತ್ತದೆ. ಯುಪಿ5ಕೆ ಸುಮ್ಮನಿದ್ದಾಗ ಎಳೆಯುವುದು 100 ಮೈಕ್ರೋಆಂಪ್ ಆಸುಪಾಸು, ಅಂದರೆ 0.12 ಮಿಲಿವ್ಯಾಟ್. ನಮ್ಮ ಕೆಲಸದಲ್ಲಿ ಗೆಲುವು ಸೋಲು ತೀರ್ಮಾನವಾಗೋದೇ ಇಲ್ಲಿ.

ಹಾಗಾದರೆ ಆರ್ಟಿಕ್ಸ್ ಅನ್ನು ಆಗಾಗ ಆಫ್ ಮಾಡಿದರೆ? ಅದನ್ನೂ ನೋಡಿದೆ. ಇದು ಎಸ್‌ರ‍್ಯಾಮ್ ಎಫ್‌ಪಿಜಿಎ, ಕರೆಂಟ್ ಹೋದರೆ ಒಳಗಿನ ಸರ್ಕ್ಯೂಟ್ ಅಳಿಸಿಹೋಗುತ್ತದೆ. ಮತ್ತೆ ಎದ್ದಾಗ ಹೊರಗಿನ ಫ್ಲ್ಯಾಶ್‌ನಿಂದ ಸುಮಾರು 1.75 ಕೋಟಿ ಬಿಟ್ ಓದಿಕೊಳ್ಳಬೇಕು. ಒಂದೇ ತಂತಿಯಲ್ಲಿ 3 ಮೆಗಾಹರ್ಟ್ಜ್‌ಗೆ ಬಿಟ್ಟರೆ ಹತ್ತಿರ ಹತ್ತಿರ ಆರು ಸೆಕೆಂಡ್. ನಾಲ್ಕು ತಂತಿ, 50 ಮೆಗಾಹರ್ಟ್ಜ್ ಮಾಡಿದರೆ 0.09 ಸೆಕೆಂಡ್‌ಗೆ ಇಳಿಯುತ್ತದೆ. ಗಂಟೆಗೊಮ್ಮೆ ಏಳುವ ಕೆಲಸಕ್ಕೆ ಇದು ಸಾಕು. ಸದಾ ಕೇಳುತ್ತಾ ಕೂರುವ ಕೆಲಸಕ್ಕೆ ಆಫ್ ಮಾಡೋದೇ ಆಗಿಬರೋದಿಲ್ಲ. ಚಿಪ್ ಮಲಗಿದ್ದಾಗಲೇ ಮಂಗ ಕೂಗಿದರೆ?

ಯುಪಿ5ಕೆ ಮೇಲೆ ಕೆಲಸ ಮಾಡೋದು ನನಗೆ ನಿಜಕ್ಕೂ ಖುಷಿ ಕೊಟ್ಟಿತು. 5,280 ಲುಕಪ್ ಟೇಬಲ್ (ಸರ್ಕ್ಯೂಟ್ ಕಟ್ಟುವ ಚಿಕ್ಕ ಇಟ್ಟಿಗೆಗಳು), ಎಂಟು ಡಿಎಸ್‌ಪಿ, ಒಂದು ಮೆಗಾಬಿಟ್ ರ‍್ಯಾಮ್. ಒಳಗೇ ಕ್ಲಾಕ್ ಕೊಡುವ ಆಸಿಲೇಟರ್ ಇದೆ, 48 ಮೆಗಾಹರ್ಟ್ಜ್‌ನದನ್ನು 6ಕ್ಕೆ ಇಳಿಸಬಹುದು. 6ರಲ್ಲಿ ಒಂದು ಸ್ಯಾಂಪಲ್‌ಗೆ 384 ಕ್ಲಾಕ್ ಸಿಗುತ್ತದೆ. ಬೇಕಾಗಿರೋದು 40 ಗುಣಾಕಾರ. ಹಾಗಾಗಿ ಒಂದೇ ಡಿಎಸ್‌ಪಿಯನ್ನು ಎಂಟೂ ಫಿಲ್ಟರ್‌ಗೆ ಸರದಿಯಲ್ಲಿ ಬಳಸಿದೆ. ಉಳಿದ ಏಳಕ್ಕೆ ಕೆಲಸವೇ ಇಲ್ಲ. ಯೋಸಿಸ್ (ಬರೆದ ಕೋಡನ್ನು ಸರ್ಕ್ಯೂಟ್ ಆಗಿಸುವ, ಅಂದರೆ ಸಿಂಥೆಸಿಸ್ ಮಾಡುವ ಸಾಫ್ಟ್‌ವೇರ್) ಬಳಸುವವರು ಒಂದು ವಿಷಯ ನೋಡಿಕೊಳ್ಳಿ. ಐಸ್40ಗೆ ಸಿಂಥೆಸಿಸ್ ಮಾಡುವಾಗ ಡಿಎಸ್‌ಪಿ ಆಯ್ಕೆಯನ್ನು ನೀವೇ ಆನ್ ಮಾಡಬೇಕು. ಇಲ್ಲದಿದ್ದರೆ ಅದು ಗುಣಾಕಾರವನ್ನು ಲುಕಪ್ ಟೇಬಲ್‌ಗಳಿಂದ ಕಟ್ಟುತ್ತದೆ. ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ನೂರಾರು ಟೇಬಲ್‌ಗಳು, ಅವುಗಳ ನಡುವಿನ ತಂತಿಗಳು ಪ್ರತಿ ಸಲವೂ ಕುಣಿಯುತ್ತವೆ. ಎಫ್‌ಪಿಜಿಎ ಒಳಗೆ ಶಕ್ತಿಯ ದೊಡ್ಡ ಪಾಲು ಹೋಗೋದೇ ಆ ತಂತಿಗಳಿಗೆ.

ಅಳೆಯುವಾಗ ಬೋರ್ಡ್‌ನ ಯುಎಸ್‌ಬಿಗೆ ಮೀಟರ್ ಹಚ್ಚಿ ಚಿಪ್ ಬಗ್ಗೆ ತೀರ್ಪು ಕೊಡಬೇಡಿ. ಮಿನುಗುವ ಒಂದು ಎಲ್‌ಇಡಿಯೇ ಯುಪಿ5ಕೆಗಿಂತ ಜಾಸ್ತಿ ತಿನ್ನುತ್ತದೆ. 1.2 ವೋಲ್ಟ್ ದಾರಿಯಲ್ಲಿ 1 ಓಮ್ ರೆಸಿಸ್ಟರ್ ಸೋಲ್ಡರ್ ಮಾಡಿ, ಅದರ ಎರಡು ತುದಿಗೆ ಮೀಟರ್ ಇಡಿ. ಒಂದು ಮಿಲಿವೋಲ್ಟ್ ಅಂದರೆ ಒಂದು ಮಿಲಿಆಂಪ್. ನನಗೆ ಕೋರ್ ಒಂದು ಮಿಲಿವ್ಯಾಟ್ ಆಸುಪಾಸಿನಲ್ಲಿ ಸಿಕ್ಕಿತು. ಆರ್ಟಿಯಲ್ಲಿ ಕೋರ್ ಕರೆಂಟನ್ನು ಚಿಪ್‌ನ ಒಳಗಿನ ಎಡಿಸಿಯಿಂದಲೇ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಓದಬಹುದು, ಅದು ಒಳ್ಳೆಯ ಅನುಕೂಲ. ಡಿಡಿಆರ್ ಮೆಮೊರಿ, ಯುಎಸ್‌ಬಿ ಚಿಪ್ ಎಲ್ಲ ಸೇರಿ ಆ ಬೋರ್ಡ್ ಒಂದು ವ್ಯಾಟ್ ಹತ್ತಿರ ಎಳೆಯುತ್ತದೆ. 18650 ಒಂದು ದಿನವೂ ಬಾಳೋದಿಲ್ಲ.

ಟ್ಯಾಂಗ್ ನ್ಯಾನೋ ಬಗ್ಗೆ ಹೇಳೋದು ಕಡಿಮೆ. 8,640 ಲುಕಪ್ ಟೇಬಲ್, ಒಳಗೇ ಫ್ಲ್ಯಾಶ್, ಬೆಲೆಯೂ ಕೈಗೆಟುಕುತ್ತದೆ. ಕಲಿಯೋದಕ್ಕೆ ಮೂರರಲ್ಲಿ ಇದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಕೋರ್ ದಾರಿಯನ್ನು ಬೇರೆ ಮಾಡಿ ಅಳೆಯಲಿಲ್ಲ, ಬೋರ್ಡ್ ಪೂರ್ತಿ ನೋಡಿದೆ. ಆ ಲೆಕ್ಕದಲ್ಲಿ ತಿಂಗಳುಗಟ್ಟಲೆ ಬ್ಯಾಟರಿ ಮೇಲೆ ಬಿಡುವ ಬೋರ್ಡ್ ಇದಲ್ಲ.

ಇನ್ನು ಎಫ್‌ಪಿಜಿಎ ಪ್ರೀತಿಸುವ ನಾವೆಲ್ಲ ಒಪ್ಪಿಕೊಳ್ಳಬೇಕಾದ ಮಾತು. ಎಸ್‌ಟಿಎಂ32ಎಲ್4 ಸಾಲಿನ ಹಲವು ಮೈಕ್ರೋಕಂಟ್ರೋಲರ್‌ಗಳಲ್ಲಿ ಪಿಡಿಎಂ ಜರಡಿ ಹಿಡಿಯುವ ಬ್ಲಾಕ್ ಸಿಲಿಕಾನ್‌ನಲ್ಲೇ ಕೆತ್ತಿ ಬರುತ್ತದೆ. ಮೈಕ್ ಒಂದೇ ಆದರೆ ಅದು ಯುಪಿ5ಕೆಗೆ ಹೆಚ್ಚುಕಡಿಮೆ ಸಮ, ಕೋಡ್ ಬರೆಯೋದೂ ಸುಲಭ. ಕೂನ್ ಮತ್ತು ರೋಸ್ ಎಂಬ ಸಂಶೋಧಕರು 2007ರಲ್ಲಿ ಅಳೆದು ಹೇಳಿದ್ದು ಇದನ್ನೇ: ಲುಕಪ್ ಟೇಬಲ್‌ಗಳಲ್ಲೇ ಕಟ್ಟಿದ ಸರ್ಕ್ಯೂಟ್, ಅದೇ ಕೆಲಸಕ್ಕೆಂದೇ ಮಾಡಿದ ಚಿಪ್‌ಗಿಂತ ಸುಮಾರು 14 ಪಟ್ಟು ಹೆಚ್ಚು ಡೈನಾಮಿಕ್ ಪವರ್ (ಬಿಟ್ ಬದಲಾಗುವಾಗ ಹೋಗುವ ಪವರ್) ತಿನ್ನುತ್ತದೆ. ರೆಡಿ ಬ್ಲಾಕ್ ಇದ್ದರೆ ಅದನ್ನೇ ಬಳಸಿ.

ದೊಡ್ಡ ಚಿಪ್‌ಗಳಿಗೂ ಅವುಗಳ ಜಾಗ ಇದೆ. ಮೈಕ್ರೋಸಾಫ್ಟ್ 2014ರಲ್ಲಿ 1,632 ಸರ್ವರ್‌ಗಳಿಗೆ ಸ್ಟ್ರಾಟಿಕ್ಸ್-5 ಎಫ್‌ಪಿಜಿಎ ಹಾಕಿ ಬಿಂಗ್ ಹುಡುಕಾಟದ ರ‍್ಯಾಂಕಿಂಗ್ ಓಡಿಸಿತು. ಪ್ರತಿ ಸರ್ವರ್‌ನ ಕೆಲಸ 95 ಶೇಕಡಾ ಏರಿತು, ಪವರ್ ಏರಿದ್ದು 10 ಶೇಕಡಾ. ಅಲ್ಲಿ ಚಿಪ್‌ಗೆ ಬಿಡುವೇ ಇಲ್ಲ, ಹಾಗಾಗಿ ಸೋರಿಕೆ ಲೆಕ್ಕಕ್ಕೆ ಬರೋದಿಲ್ಲ.

ನನ್ನ ತೋಟದ ಪೆಟ್ಟಿಗೆಗೆ ಯುಪಿ5ಕೆಯನ್ನೇ ಉಳಿಸಿಕೊಂಡಿದ್ದೇನೆ. ಕಾರಣ, ಮುಂದೆ ಎಂಟು ಮೈಕ್ ಇಟ್ಟು ಕೂಗು ಯಾವ ದಿಕ್ಕಿನಿಂದ ಬಂತು ಅಂತ ತಿಳಿಯಬೇಕು. ಒಂದು ತಂತಿಗೆ ಎರಡು ಪಿಡಿಎಂ ಮೈಕ್ ಕೂರುತ್ತವೆ, ಕ್ಲಾಕ್ ಏರುವಾಗ ಒಂದು, ಇಳಿಯುವಾಗ ಇನ್ನೊಂದು. ಎಂಟರ ಡೇಟಾಗೂ ನಾಲ್ಕೇ ಪಿನ್ ಸಾಕು. ಆ ಎಸ್‌ಟಿಎಂ32ಎಲ್4 ಮೈಕ್ರೋಕಂಟ್ರೋಲರ್‌ಗಳಲ್ಲಿ ಜರಡಿ ಹಿಡಿಯುವ ಫಿಲ್ಟರ್ ಹೆಚ್ಚೆಂದರೆ ನಾಲ್ಕು ಇವೆ, ಎಂಟು ಮೈಕ್ ಒಟ್ಟಿಗೆ ಕೇಳೋದಕ್ಕೆ ಸಾಲದು. ಇಲ್ಲಿ ಇನ್ನೂ ಏಳು ಡಿಎಸ್‌ಪಿ ಖಾಲಿ ಇವೆ.